ಸಮುದ್ರದ ತಳದ ಫಲಕ ನಿಜಕ್ಕೂ ಕರಗುತ್ತಾ? ದಾವಣಗೆರೆಯ ಮೇಷ್ಟ್ರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸಮುದ್ರದ ತಳದ ಫಲಕ (ಭೂಮಿಯ ಗಟ್ಟಿ ಹೊರಕವಚದ ದೊಡ್ಡ ತುಂಡು) ಇನ್ನೊಂದು ಫಲಕದ ಕೆಳಗೆ ಜಾರಿ, ಒಳಗಿನ ಬಿಸಿಗೆ ಕರಗಿ, ಅದೇ ಮ್ಯಾಗ್ಮಾ ಆಗಿ ಜ್ವಾಲಾಮುಖಿಯಲ್ಲಿ ಹೊರಗೆ ಬರುತ್ತದೆ ಎಂದು ಪಾಠ ಮಾಡಿದೆ. ಒಬ್ಬ ಹುಡುಗಿ ಎದ್ದು ನಿಂತು, "ಸರ್, ಮೇಲಿಂದ ತಣ್ಣಗೆ ಇಳಿದು ಹೋಗಿದ್ದು ಕರಗುತ್ತೆ ಅಂತೀರಿ, ಮತ್ತೆ ಮೊದಲಿಂದ ಅಲ್ಲೇ ಬಿಸಿಯಾಗಿ ಇರೋ ಕಲ್ಲು ಯಾಕೆ ಕರಗಿಲ್ಲ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಹಾಗೇ ಇನ್ನೆರಡು: ಹಿಮಾಲಯದಲ್ಲೂ ಫಲಕಗಳು ಡಿಕ್ಕಿ ಹೊಡೆದಿವೆಯಲ್ಲ, ಅಲ್ಲಿ ಯಾಕೆ ಜ್ವಾಲಾಮುಖಿ ಇಲ್ಲ? ನಮ್ಮ ದಾವಣಗೆರೆ, ಚಿತ್ರದುರ್ಗದ ಬಂಡೆಗಳಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ:

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದಲೂ ಒಂದು ಶಭಾಷ್ ಹೇಳಿ. ಅವಳು ಹಿಡಿದಿರುವುದು ಸರಿಯಾದ ಜಾಗವನ್ನೇ. ತಣ್ಣಗಿರುವುದನ್ನು ಬಿಸಿ ಇರುವ ಕಡೆ ತಂದಿಟ್ಟರೆ, ಅಲ್ಲಿರುವ ಬಿಸಿ ಕಲ್ಲೇ ಕರಗದೆ ಗಟ್ಟಿಯಾಗಿರುವಾಗ, ಈ ತಣ್ಣಗಿನದು ಮೊದಲು ಕರಗಿಬಿಡುತ್ತದೆ ಎನ್ನುವುದು ಹೇಗೆ ಸರಿ?

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಇವತ್ತಿನ ಬಹುಪಾಲು ಇಂಥ ಜ್ವಾಲಾಮುಖಿಗಳ ಕೆಳಗೆ ಮುಳುಗುವ ಫಲಕದ ಕಲ್ಲು ಹೆಚ್ಚೂಕಡಿಮೆ ಕರಗುವುದೇ ಇಲ್ಲ. ಕರಗುವುದು ಅದರ ಮೇಲೆ ಇರುವ ಮ್ಯಾಂಟಲ್, ಅಂದರೆ ಭೂಮಿಯ ತೊಗಟೆಯ ಕೆಳಗಿನ ದಪ್ಪ ಪದರ. ಫಲಕ ಅಲ್ಲಿಗೆ ನೀರು ಹೊತ್ತು ತರುತ್ತದೆ, ಆ ನೀರು ಮ್ಯಾಂಟಲನ್ನು ಕರಗಿಸುತ್ತದೆ. ಕೆಲವೇ ಕೆಲವು ಕಡೆ ಫಲಕವೂ ಕರಗುತ್ತದೆ. ಆದರೆ ಭೂಮಿ ಇನ್ನೂ ಬಿಸಿಯಾಗಿದ್ದ ಕಾಲದಲ್ಲಿ ಆ ಬಗೆಯ ಕರಗುವಿಕೆ ತುಂಬಾ ಜಾಸ್ತಿ ಇತ್ತು. ನಿಮ್ಮ ಪಾಠದ ಸಾಲು ಜಪಾನಿನ ಫ್ಯೂಜಿಗೆ ಅಷ್ಟಾಗಿ ಹೊಂದುವುದಿಲ್ಲ, ದಾವಣಗೆರೆಯ ಕಲ್ಲಿಗೆ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಅದು ಹೇಗೆ ಅಂತ ಆಮೇಲೆ ನೋಡೋಣ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಭೂಮಿಯ ತೊಗಟೆಯ ಕೆಳಗೆ ಕುದಿಯುವ ಮ್ಯಾಗ್ಮಾದ ಸಮುದ್ರ ಇದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಚಿತ್ರಗಳಲ್ಲಿ ಮ್ಯಾಂಟಲಿಗೆ ಕೆಂಪು-ಕಿತ್ತಳೆ ಬಣ್ಣ ಬಳಿಯುವುದೇ ಇದಕ್ಕೆ ಕಾರಣ ಇರಬೇಕು. ಮ್ಯಾಂಟಲ್ ಗಟ್ಟಿ ಕಲ್ಲು. ಪೆರಿಡೊಟೈಟ್ ಎನ್ನುವ, ಹಸಿರು ಆಲಿವಿನ್ ಖನಿಜ ತುಂಬಿದ ಭಾರದ ಕಲ್ಲು. ಭೂಕಂಪದ ಎಸ್ ಅಲೆಗಳು ದ್ರವದಲ್ಲಿ ಹಾಯುವುದಿಲ್ಲ, ಮ್ಯಾಂಟಲಿನಲ್ಲಿ ಆರಾಮಾಗಿ ಹಾದುಹೋಗುತ್ತವೆ. ಹಾಗಾಗಿ ಅದು ಗಟ್ಟಿಯೇ. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನಿಧಾನಕ್ಕೆ ಹರಿಯುತ್ತದೆ ಅನ್ನುವುದು ಬೇರೆ ಮಾತು.

ಇನ್ನು ಹುಡುಗಿಯ ಪ್ರಶ್ನೆ. 100 ಕಿ.ಮೀ. ಆಳದಲ್ಲಿ ಮ್ಯಾಂಟಲಿನ ಬಿಸಿ ಸುಮಾರು 1300ರಿಂದ 1400 ಡಿಗ್ರಿ ಇರುತ್ತದೆ. ಇಷ್ಟು ಬಿಸಿಯಲ್ಲಿ ಇದೇ ಕಲ್ಲನ್ನು ನೆಲದ ಮೇಲೆ ಇಟ್ಟರೆ ಕರಗಲು ಶುರುವಾಗುತ್ತದೆ, ಯಾಕೆಂದರೆ ಇಲ್ಲಿ ಅದು 1100 ಡಿಗ್ರಿ ದಾಟುತ್ತಿದ್ದಂತೆ ಕರಗತೊಡಗುತ್ತದೆ. ಆದರೆ ಅಷ್ಟು ಆಳದಲ್ಲಿ ಒತ್ತಡ ಇಲ್ಲಿಗಿಂತ ಸುಮಾರು 30,000 ಪಟ್ಟು. ಒತ್ತಡ ಏರಿದಂತೆ ಕಲ್ಲು ಕರಗಲು ಬೇಕಾದ ಬಿಸಿಯೂ ಏರುತ್ತದೆ. ಅಲ್ಲಿ ಒಣ ಪೆರಿಡೊಟೈಟ್ ಕರಗಬೇಕಾದರೆ 1450-1500 ಡಿಗ್ರಿ ಬೇಕು. ಅಂದರೆ ಕರಗುವ ಗಡಿಗೆ ಹತ್ತಿರ ಇದೆ, ಗಡಿ ದಾಟಿಲ್ಲ. ಅವಳಿಗೆ ಹೀಗೆ ಹೇಳಿ: ಅಲ್ಲಿರುವ ಕಲ್ಲು ಬಿಸಿ ಕಡಿಮೆಯಾಗಿ ಕರಗದೆ ಉಳಿದಿಲ್ಲ, ಒತ್ತಡ ಅದನ್ನು ಕರಗಲು ಬಿಟ್ಟಿಲ್ಲ.

ಹಾಗಾದರೆ ಕರಗಿಸಲು ಏನು ಮಾಡಬೇಕು? ಒತ್ತಡ ಇಳಿಸಬಹುದು. ಮ್ಯಾಂಟಲ್ ಮೇಲೇರಿದಾಗ ಹಾಗೆ ಆಗುತ್ತದೆ. ಸಮುದ್ರದ ನಡುವಿನ ಏಣುಗಳಲ್ಲಿ, ಅಂದರೆ ಫಲಕಗಳು ದೂರ ಸರಿಯುವ ನೀರಿನಡಿಯ ಬೆಟ್ಟಸಾಲುಗಳಲ್ಲಿ, ನಡೆಯುವುದು ಅದೇ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್, ಅಂದರೆ 6.6 ಕೋಟಿ ವರ್ಷಗಳ ಆಸುಪಾಸಿನ ಡೆಕ್ಕನ್ ಲಾವಾ ಬಂದದ್ದೂ ಬಿಸಿ ಮ್ಯಾಂಟಲ್ ಮೇಲೆ ಉಕ್ಕಿದಾಗ. ಅಲ್ಲಿ ಮುಳುಗುವ ಫಲಕದ ಕಥೆ ಇಲ್ಲ, ಎರಡನ್ನೂ ಕಲಸಬೇಡಿ. ಇನ್ನೊಂದು ದಾರಿ, ಕರಗುವ ಬಿಸಿಯನ್ನೇ ಕೆಳಗೆ ತರುವುದು. ಅದಕ್ಕೆ ನೀರು ಬೇಕು.

ಅಕ್ಕಸಾಲಿಗರ ಅಂಗಡಿಯಲ್ಲಿ ಚಿನ್ನ ಕರಗಿಸುವಾಗ ಬಿಳಿಗಾರ ಹಾಕುವುದನ್ನು ನೋಡಿರುತ್ತೀರಿ. ಚಿನ್ನದ ಜೊತೆ ಇರುವ ಮರಳು, ಕಿಟ್ಟ ಆ ಉರಿಗೆ ತಾನಾಗಿ ಕರಗುವುದಿಲ್ಲ. ಬಿಳಿಗಾರ ಸೇರಿದರೆ ಅದೇ ಉರಿಯಲ್ಲಿ ಕರಗಿ ಗಾಜಿನ ಹಾಗೆ ಬೇರೆಯಾಗುತ್ತದೆ. ಉರಿ ಏರಿಸಿಲ್ಲ, ಕರಗುವ ಗಡಿ ಇಳಿಯಿತು, ಅಷ್ಟೇ. ಮ್ಯಾಂಟಲಿನಲ್ಲಿ ಆ ಕೆಲಸ ಮಾಡುವುದು ನೀರು. ಕಲ್ಲಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂತಿರುತ್ತವೆ. ನೀರು ಆ ಕೊಂಡಿಗಳ ನಡುವೆ ನುಗ್ಗಿ ಕತ್ತರಿಸುತ್ತದೆ. 100 ಕಿ.ಮೀ. ಆಳದಲ್ಲಿ ನೀರು ಸಾಕಷ್ಟು ಸಿಕ್ಕರೆ ಪೆರಿಡೊಟೈಟ್ ಸಾವಿರ ಡಿಗ್ರಿಗೂ ಕೆಳಗೆ ಕರಗಲು ಶುರು ಮಾಡುತ್ತದೆ. ಅಲ್ಲಿ ಇರುವ ಬಿಸಿ ಅದಕ್ಕಿಂತ ಮುನ್ನೂರು ನಾನೂರು ಡಿಗ್ರಿ ಜಾಸ್ತಿ. ಇನ್ನೇನು ಬೇಕು?

ಆದರೆ ಅಷ್ಟು ಆಳಕ್ಕೆ ನೀರು ಹೋಗುವುದು ಹೇಗೆ? ಸಮುದ್ರದ ನೀರು ಬಿರುಕಿನಲ್ಲಿ ಸೋರಿಕೊಂಡು ಇಳಿಯುತ್ತದೆ ಅಂತ ಅಂದುಕೊಳ್ಳಬೇಡಿ. ಅದು ಕಲ್ಲಿನ ಒಳಗೆ, ಖನಿಜದ ಭಾಗವಾಗಿ ಸೇರಿಕೊಂಡು ಹೋಗುತ್ತದೆ. ಇದನ್ನು ನೋಡಲು ನೀವು ಜಪಾನಿಗೆ ಹೋಗಬೇಕಾಗಿಲ್ಲ, ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಹೋಗಿಬನ್ನಿ. ಅಲ್ಲಿ ದಿಂಬು ಲಾವಾ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ, ಹಾಗಾಗಿ ಸುತ್ತಿಗೆ ತರಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಕಣ್ಣಿಗೆ ಸಾಕಷ್ಟು ಸಿಗುತ್ತದೆ.

ಅಲ್ಲಿ ಏನು ಕಾಣುತ್ತದೆ ಅಂದರೆ, ಉರುಟುರುಟಾದ ಕಲ್ಲಿನ ಉಂಡೆಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ. ನೀರಿನ ಅಡಿಯಲ್ಲಿ ಲಾವಾ ಹೊರಗೆ ಬಂದಾಗ ಅದರ ಮೈ ತಕ್ಷಣ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ದ್ರವ. ಆ ಸಿಪ್ಪೆ ಒಡೆದು ಮತ್ತೊಂದು ಉಂಡೆ ಹೊರಬರುತ್ತದೆ. ಪ್ರತಿ ಉಂಡೆಯ ಅಂಚಿನಲ್ಲಿ ಬೇಗ ತಣ್ಣಗಾದ ಸಣ್ಣ ಕಣದ ಪಟ್ಟೆ ಇರುತ್ತದೆ, ಒಳಗೆ ಹೋದಂತೆ ಕಣ ಸ್ವಲ್ಪ ದಪ್ಪ. ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಅಡಿಯ ಎರಡು ಉಂಡೆಗಳ ಸಂದಿಗೆ ಬಾಲದ ಹಾಗೆ ಇಳಿದಿರುತ್ತದೆ. ಈ ಬಾಲ ನೋಡಿಯೇ ಆ ಕಾಲದಲ್ಲಿ ಯಾವ ಕಡೆ ಮೇಲಿತ್ತು ಅಂತ ಹೇಳಬಹುದು, ಯಾಕೆಂದರೆ ಆಮೇಲೆ ಬೆಟ್ಟವೇ ಮಗುಚಿ ಓರೆಯಾಗಿರುತ್ತದೆ. ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಅಂದರೆ ಈಗ ಒಂದು ಒಳ್ಳೆ ಮಳೆಗೆ ಬಾಯಿಬಿಡುವ ಆ ನೆಲ ಆಗ ನೀರಿನಡಿ ಇತ್ತು.

ಈಗ ಬಣ್ಣ ನೋಡಿ. ಬಸಾಲ್ಟ್ ಕಪ್ಪಾಗಿರಬೇಕು. ಇಲ್ಲಿನದು ಹಸಿರು ಮಿಶ್ರಿತ ಬೂದು. ಬಿಸಿ ಲಾವಾದೊಳಗೆ ನೀರು ಹರಿದಾಡಿದಾಗ ಮೊದಲಿನ ಖನಿಜಗಳು ಬದಲಾಗಿ ಕ್ಲೋರೈಟ್, ಆಂಫಿಬೋಲ್ ಆಗುತ್ತವೆ. ಹಸಿರು ಬಂದದ್ದು ಮುಖ್ಯವಾಗಿ ಅವುಗಳಿಂದ. ಕ್ಲೋರೈಟಿನ ತೂಕದಲ್ಲಿ ನೂರಕ್ಕೆ ಹನ್ನೆರಡರಷ್ಟು ನೀರು! ಕೈಯಲ್ಲಿ ಹಿಡಿದರೆ ಒಣ ಕಲ್ಲು, ಒದ್ದೆ ಅನ್ನುವುದಕ್ಕೆ ಏನೂ ಇಲ್ಲ. ಆದರೆ ನೀರು ಅದರ ಹರಳಿನ ರಚನೆಯಲ್ಲೇ ಸಿಕ್ಕಿಹಾಕಿಕೊಂಡಿದೆ. ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರ ಸಿಕ್ಕಿದ್ದೂ ಇಂಥ ಹಳೆಯ ಲಾವಾ ಬಂಡೆಗಳಲ್ಲೇ. ಬಿಸಿನೀರು ಕಲ್ಲಿನೊಳಗೆ ಓಡಾಡುವಾಗ ಲೋಹವನ್ನೂ ಎತ್ತಿಕೊಂಡು ಇನ್ನೊಂದು ಕಡೆ ಇಳಿಸುತ್ತದೆ.

ಇವತ್ತಿನ ಸಮುದ್ರ ತಳದಲ್ಲೂ ಇದೇ ನಡೆಯುತ್ತಿದೆ. ಅಲ್ಲಿನ ತೊಗಟೆ ಸುಮಾರು 7 ಕಿ.ಮೀ. ದಪ್ಪದ ಬಸಾಲ್ಟ್ ಮತ್ತು ಗ್ಯಾಬ್ರೊ (ಅದೇ ಮ್ಯಾಗ್ಮಾ ಒಳಗೇ ಗಟ್ಟಿಯಾದ ಕಲ್ಲು). ಅದರ ಕೆಳಗಿನ ಮ್ಯಾಂಟಲ್ ಭಾಗವೂ ಸೇರಿದರೆ ಹಳೆಯ ಫಲಕದ ದಪ್ಪ 100 ಕಿ.ಮೀ. ಹತ್ತಿರ. ಮೇಲಿನ ಬಸಾಲ್ಟ್ ನೀರು ಕುಡಿದು ಕ್ಲೋರೈಟ್ ಆಗಿರುತ್ತದೆ. ಕಂದಕದ ಹತ್ತಿರ, ಅಂದರೆ ಫಲಕ ಮುಳುಗಲು ಶುರುವಾಗುವ ಸಮುದ್ರ ತಳದ ಆಳದ ಹಳ್ಳದ ಹತ್ತಿರ, ಫಲಕ ಬಾಗುವಾಗ ದೊಡ್ಡ ಬಿರುಕು ಬಿಡುತ್ತದೆ, ಅದರೊಳಗೆ ನೀರು ಇಳಿದು ಕೆಳಗಿನ ಪೆರಿಡೊಟೈಟ್ ಕೂಡ ಸರ್ಪೆಂಟೈನ್ ಎನ್ನುವ ಖನಿಜ ಆಗುತ್ತದೆ. ಸರ್ಪೆಂಟೈನಿನಲ್ಲೂ ನೂರಕ್ಕೆ ಹನ್ನೆರಡು ಹದಿಮೂರು ಭಾಗ ನೀರು. ಇದೆಲ್ಲದರ ಮೇಲೆ ಕೋಟ್ಯಂತರ ವರ್ಷ ಬಿದ್ದು ಕೂತ ಕೆಸರು. ಇಷ್ಟನ್ನು ಹೊತ್ತುಕೊಂಡು ಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರ್ ಲೆಕ್ಕದಲ್ಲಿ ಕೆಳಗೆ ಇಳಿಯುತ್ತದೆ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ, ಬೋರ್ಡಿನ ಮೇಲೆ ಮಾಡಿ ತೋರಿಸಲು ಚೆನ್ನಾಗಿರುತ್ತದೆ. ವರ್ಷಕ್ಕೆ 5 ಸೆಂ.ಮೀ. ಅಂದರೆ ಹತ್ತು ಲಕ್ಷ ವರ್ಷಕ್ಕೆ 50 ಕಿ.ಮೀ. ಫಲಕ 45 ಡಿಗ್ರಿ ಓರೆಯಾಗಿ ಇಳಿದರೆ 100 ಕಿ.ಮೀ. ಆಳ ಮುಟ್ಟಲು 140 ಕಿ.ಮೀ. ಜಾರಬೇಕು, ಅಂದರೆ ಮೂವತ್ತು ಲಕ್ಷ ವರ್ಷಕ್ಕೆ ಸ್ವಲ್ಪ ಕಡಿಮೆ. ಇದು ನಮಗೆ ದೊಡ್ಡ ಸಮಯ, ಕಲ್ಲಿಗೆ ಅಲ್ಲ. ಕಲ್ಲಿನಲ್ಲಿ ಶಾಖ ಹರಿಯುವುದು ತುಂಬಾ ನಿಧಾನ. ಮೂವತ್ತು ಲಕ್ಷ ವರ್ಷದಲ್ಲಿ ಅದು ಹತ್ತು ಕಿ.ಮೀ. ಆಸುಪಾಸು ಒಳಗೆ ಇಳಿದಿರುತ್ತದೆ, ಅಷ್ಟೇ. 100 ಕಿ.ಮೀ. ದಪ್ಪದ ಫಲಕಕ್ಕೆ ಅದು ಎಲ್ಲಿಗೆ ಸಾಲುತ್ತದೆ? ಮೇಲ್ಮೈ 700ರಿಂದ 900 ಡಿಗ್ರಿ ಆಗಿರಬಹುದು, ಒಳಭಾಗ ಅದಕ್ಕಿಂತ ಎಷ್ಟೋ ತಣ್ಣಗೆ ಇರುತ್ತದೆ.

ಫಲಕ ಕರಗಿಲ್ಲ ಎನ್ನುವುದಕ್ಕೆ ಇನ್ನೂ ಸುಲಭದ ಸಾಕ್ಷಿ ಭೂಕಂಪ. ಜಪಾನಿನ ಕಿಯೂ ವಡಾಟಿ, ಆಮೇಲೆ ಅಮೆರಿಕದ ಹ್ಯೂಗೋ ಬೆನಿಯಾಫ್ ಗಮನಿಸಿದ ಹಾಗೆ, ಕಂದಕದಿಂದ ಶುರುವಾಗಿ ಓರೆಯಾಗಿ ಆಳಕ್ಕೆ ಇಳಿಯುವ ಭೂಕಂಪಗಳ ಸಾಲೇ ಇದೆ. ಅದು ಸುಮಾರು 700 ಕಿ.ಮೀ. ಆಳದವರೆಗೂ ಹೋಗುತ್ತದೆ. ಫಲಕ 100 ಕಿ.ಮೀ.ನಲ್ಲೇ ಕರಗಿ ಹೋಗಿದ್ದರೆ ಅದರ ಕೆಳಗೆ ಭೂಕಂಪ ಆಗಲು ಏನು ಉಳಿದಿರುತ್ತಿತ್ತು?

ಹಾಗಾದರೆ ನೀರು ಎಲ್ಲಿ ಬಿಡುಗಡೆಯಾಗುತ್ತದೆ? ಮೊದಲ ಕೆಲವು ಹತ್ತು ಕಿ.ಮೀ. ಒಳಗೆ ಕೆಸರಿನ ಸಂದಿಯಲ್ಲಿದ್ದ ನೀರು ಹಿಂಡಿ ಹೊರಬರುತ್ತದೆ. ಆದರೆ ಅಲ್ಲಿ ಮೇಲಿರುವ ಮ್ಯಾಂಟಲ್ ಮೂಲೆ ತಣ್ಣಗಿರುತ್ತದೆ, ನೀರು ಸಿಕ್ಕರೂ ಕರಗುವುದಿಲ್ಲ. ಅದಕ್ಕೇ ಕಂದಕದ ಪಕ್ಕದಲ್ಲೇ ಜ್ವಾಲಾಮುಖಿ ಇರುವುದಿಲ್ಲ. ಜಾವಾದಲ್ಲಿ ಕಂದಕಕ್ಕೂ ಜ್ವಾಲಾಮುಖಿಗಳ ಸಾಲಿಗೂ ನಡುವೆ ಮುನ್ನೂರು ಕಿ.ಮೀ. ಹತ್ತಿರ ಅಂತರ ಇದೆ. ಇನ್ನೂ ಕೆಳಗೆ ಹೋದಂತೆ ಕ್ಲೋರೈಟ್, ಆಂಫಿಬೋಲ್, ಸರ್ಪೆಂಟೈನ್ ಒಂದೊಂದೇ ಬಿಸಿ ಮತ್ತು ಒತ್ತಡ ತಾಳದೆ ಒಡೆದು ನೀರು ಬಿಡುತ್ತವೆ. ಫಲಕದ ಮೇಲ್ಮೈ ಸುಮಾರು 100 ಕಿ.ಮೀ. ಆಳ ಮುಟ್ಟಿದ ಜಾಗದ ನೇರ ಮೇಲೆಯೇ ಜ್ವಾಲಾಮುಖಿಗಳ ಸಾಲು ನಿಂತಿರುತ್ತದೆ, ಲೋಕದ ಬಹಳ ಕಡೆ ಇದೇ ಲೆಕ್ಕ. ನೀರು ಬಿಟ್ಟ ಬಸಾಲ್ಟ್ ಎಕ್ಲೊಜೈಟ್ ಎನ್ನುವ, ಗಾರ್ನೆಟ್ ಖನಿಜ ತುಂಬಿದ ಕಲ್ಲಾಗುತ್ತದೆ. ಸುತ್ತಲಿನ ಮ್ಯಾಂಟಲಿಗಿಂತ ಅದು ಭಾರ. ಹಾಗಾಗಿ ಮುಳುಗುತ್ತಲೇ ಹೋಗುತ್ತದೆ, ಹಿಂದಿನ ಫಲಕವನ್ನೂ ಎಳೆಯುತ್ತದೆ.

ಮೇಲೇರಿದ ನೀರು ಮ್ಯಾಂಟಲಿನ ಬಿಸಿ ಭಾಗ ಮುಟ್ಟಿದಾಗ ಕರಗುವಿಕೆ ಶುರು. ಪೂರ್ತಿ ಅಲ್ಲ. ನೂರಕ್ಕೆ ಹತ್ತೋ ಇಪ್ಪತ್ತೋ ಭಾಗ ಕರಗುತ್ತದೆ, ಉಳಿದದ್ದು ಗಟ್ಟಿಯಾಗೇ ಇರುತ್ತದೆ. ಈ ಬಸಾಲ್ಟ್ ಮ್ಯಾಗ್ಮಾ ಹಗುರ, ಮೇಲೇರಿ ಭೂಖಂಡದ ತೊಗಟೆಯ ಬುಡದಲ್ಲಿ ನಿಲ್ಲುತ್ತದೆ, ಅಲ್ಲಿ ಸ್ವಲ್ಪ ತಣ್ಣಗಾಗಿ ಭಾರದ ಹರಳುಗಳನ್ನು ಕೆಳಗೆ ಬಿಟ್ಟು, ಅಕ್ಕಪಕ್ಕದ ತೊಗಟೆಯನ್ನೂ ಒಂದಿಷ್ಟು ಕರಗಿಸಿ ತನ್ನೊಳಗೆ ಸೇರಿಸಿಕೊಂಡು, ಸಿಲಿಕಾ (ಸಿಲಿಕಾನ್-ಆಮ್ಲಜನಕದ ಅಂಶ) ಜಾಸ್ತಿಯಾದ ಅಂಟಂಟು ಆಂಡಿಸೈಟ್ ಆಗಿ, ಒಮ್ಮೊಮ್ಮೆ ಡೇಸೈಟ್ ಆಗಿ ಮೇಲೆ ಬರುತ್ತದೆ.

ಈ ಜ್ವಾಲಾಮುಖಿಗಳು ಯಾಕೆ ಅಷ್ಟು ಕೆಟ್ಟದಾಗಿ ಸಿಡಿಯುತ್ತವೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಸಮುದ್ರದ ನಡುವಿನ ಏಣುಗಳ ಮ್ಯಾಗ್ಮಾದಲ್ಲಿ ನೀರು ಸಾಮಾನ್ಯವಾಗಿ ನೂರಕ್ಕೆ ಅರ್ಧ ಭಾಗವೂ ಇರುವುದಿಲ್ಲ. ಇಲ್ಲಿ ಸುಮಾರು ನಾಲ್ಕು ಭಾಗ. ಮೇಲೆ ಬಂದು ಒತ್ತಡ ಇಳಿದಾಗ ಆ ನೀರು ಆವಿಯಾಗಿ ಸಾವಿರ ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ಅಂಟಂಟು ಮ್ಯಾಗ್ಮಾ ಅದನ್ನು ಸುಮ್ನೆ ಬಿಟ್ಟುಕೊಡುವುದಿಲ್ಲ. 1815ರ ಟಾಂಬೋರಾ, 1883ರ ಕ್ರಕಟೋವಾ, 1980ರ ಸೇಂಟ್ ಹೆಲೆನ್ಸ್, 1991ರ ಪಿನಾಟುಬೊ, ಎಲ್ಲವೂ ಮುಳುಗುವ ಫಲಕದ ಮೇಲೆ ಕೂತವೇ. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ತೋಬಾ ಸಿಡಿದಾಗ ಅದರ ಬೂದಿ ಆಂಧ್ರದ ನಂದ್ಯಾಲ ಜಿಲ್ಲೆಯ (ಮೊದಲು ಕರ್ನೂಲು ಜಿಲ್ಲೆ) ಜ್ವಾಲಾಪುರದವರೆಗೂ ಬಂದು ಬಿದ್ದಿದೆ, ಅಲ್ಲಿ ಪದರವಾಗಿ ಈಗಲೂ ಸಿಗುತ್ತದೆ. ನಮ್ಮ ದೇಶದ ಸಕ್ರಿಯ ಜ್ವಾಲಾಮುಖಿ, ಅಂಡಮಾನಿನ ಬ್ಯಾರನ್ ದ್ವೀಪ ಇರುವುದೂ ಇದೇ ಸಾಲಿನಲ್ಲಿ. 1787ರಲ್ಲಿ ಅದು ಉಗುಳಿದ್ದು ದಾಖಲಾಗಿದೆ, ಬಹಳ ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. 2004ರ ಸುನಾಮಿಗೆ ಕಾರಣವಾದ ಭೂಕಂಪವೂ ಅಲ್ಲಿ ಮುಳುಗುತ್ತಿರುವ ಫಲಕದ್ದೇ.

"ಕೆಳಗಿಂದ ನೀರು ಬಂತು ಅಂತ ನೀವು ಹೇಗೆ ಹೇಳ್ತೀರಿ, ನೋಡಿದವರು ಯಾರು?" ಅಂತ ಆ ಹುಡುಗಿ ಮುಂದಿನ ವಾರ ಕೇಳಿಯೇ ಕೇಳುತ್ತಾಳೆ. ಅದಕ್ಕೆ ಬೆರಿಲಿಯಂ-10 ಕಥೆ ಹೇಳಿ, ನನಗೆ ಇದು ತುಂಬಾ ಇಷ್ಟ. ಇದು ಆಕಾಶದಲ್ಲಿ ಹುಟ್ಟುವ ವಸ್ತು. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಆಗುತ್ತದೆ, ಮಳೆಯ ಜೊತೆ ಸಮುದ್ರಕ್ಕೆ ಬಿದ್ದು ತಳದ ಕೆಸರಿನಲ್ಲಿ ಸೇರುತ್ತದೆ. ವಿಕಿರಣ ಸೂಸುತ್ತಾ ಸುಮಾರು 14 ಲಕ್ಷ ವರ್ಷಕ್ಕೆ ಅರ್ಧ ನಶಿಸಿಹೋಗುವ ಇದು ಭೂಮಿಯ ಆಳದಲ್ಲಿ ಮೊದಲಿಂದ ಉಳಿದಿರಲು ಸಾಧ್ಯವೇ ಇಲ್ಲ. 1980ರ ದಶಕದಲ್ಲಿ ಅಲಾಸ್ಕಾದ ಅಲೂಷಿಯನ್ ದ್ವೀಪಗಳು, ಮಧ್ಯ ಅಮೆರಿಕ ಮುಂತಾದ ಕಡೆಯ ಲಾವಾದಲ್ಲಿ ಇದು ಸಿಕ್ಕಿತು. ಅಂದರೆ ಸಮುದ್ರ ತಳದ ಕೆಸರು ಫಲಕದ ಜೊತೆ ಆಳಕ್ಕೆ ಹೋಗಿ, ಅದರ ಅಂಶ ಕೆಲವೇ ದಶಲಕ್ಷ ವರ್ಷಗಳಲ್ಲಿ ಜ್ವಾಲಾಮುಖಿಯಿಂದ ವಾಪಸ್ ಬಂದಿದೆ. ನಾವು ಮೇಲೆ ಹಾಕಿದ ಮೂವತ್ತು ಲಕ್ಷ ವರ್ಷದ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ಅಲ್ವಾ?

ಕೆಸರಿನ ಮಾತು ಬಂದದ್ದರಿಂದ ಒಂದು ತಿದ್ದುಪಡಿ. ಫಲಕ ಕರಗುವುದಿಲ್ಲ ಎಂದೆನಲ್ಲ, ಅದರ ಮೇಲಿನ ಈ ಕೆಸರು ಬಹಳ ಕಡೆ ಸ್ವಲ್ಪ ಕರಗುತ್ತದೆ. ನೀರು ಇದ್ದರೆ ಅದಕ್ಕೆ 700-800 ಡಿಗ್ರಿ ಸಾಕು. ಮ್ಯಾಗ್ಮಾದ ಒಟ್ಟು ಪ್ರಮಾಣದಲ್ಲಿ ಅದರ ಪಾಲು ಸಣ್ಣದು, ರುಚಿ ಬದಲಾಯಿಸುವಷ್ಟು.

ಹಿಮಾಲಯದ ಪ್ರಶ್ನೆ ಬೇಗ ಮುಗಿಸುತ್ತೇನೆ. ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಸಮುದ್ರ ಇದ್ದಾಗ ಅದರ ತಳ ಏಷ್ಯಾದ ಕೆಳಗೆ ಮುಳುಗುತ್ತಿತ್ತು. ಆಗ ಅಲ್ಲಿ ಮ್ಯಾಗ್ಮಾ ಹುಟ್ಟಿದೆ. ಲೇಹ್ ಕಡೆ ಹೋದವರು ಕಾಣುವ ಲಡಾಖ್ ಗ್ರಾನೈಟ್ ಬೆಟ್ಟಸಾಲು ಆ ಕಾಲದ ಜ್ವಾಲಾಮುಖಿಗಳ ಬೇರು. ಸಮುದ್ರ ಮುಗಿದು ಭೂಖಂಡಕ್ಕೆ ಭೂಖಂಡ ತಾಗಿದ ಮೇಲೆ ಕಥೆ ಬದಲಾಯಿತು. ಭೂಖಂಡದ ತೊಗಟೆ ಹಗುರ, ಸಮುದ್ರ ತಳದ ಹಾಗೆ ಸಲೀಸಾಗಿ ಆಳಕ್ಕೆ ಮುಳುಗುವುದಿಲ್ಲ, ಮಡಚಿ ಮೇಲೇಳುತ್ತದೆ. ನೀರು ಸಾಗಿಸುವ ಕೆಲಸ ನಿಂತಿತು, ಜ್ವಾಲಾಮುಖಿಗಳೂ ನಿಂತವು.

ಇನ್ನು ನಿಮ್ಮೂರಿನ ಕಲ್ಲು. ಅದಕ್ಕೆ ಮೊದಲು ಫಲಕ ನಿಜವಾಗಿ ಕರಗುವ ಜಾಗಗಳನ್ನು ನೋಡಬೇಕು. ಆಸ್ಟ್ರೇಲಿಯಾದಲ್ಲಿ ಗ್ರೀನ್ ಮತ್ತು ರಿಂಗ್‌ವುಡ್ 1968ರಲ್ಲೇ ಎಕ್ಲೊಜೈಟ್ ಕರಗಿ ಆಂಡಿಸೈಟ್ ಆಗಬಹುದು ಎಂದು ಪ್ರಯೋಗ ಮಾಡಿ ತೋರಿಸಿದ್ದರು. ಪಾಠಗಳಲ್ಲಿ 'ಫಲಕ ಕರಗುತ್ತದೆ' ಎನ್ನುವ ಮಾತು ಗಟ್ಟಿಯಾಗಿ ಕೂತದ್ದು ಆ ಕಾಲದ ಇಂಥ ವಿಚಾರಗಳಿಂದ ಇರಬಹುದು. ಆಮೇಲೆ ಬಹುಪಾಲು ಲಾವಾಗಳ ರಸಾಯನ ಅದಕ್ಕೆ ಹೊಂದಲಿಲ್ಲ. ಆದರೆ ಅಲೂಷಿಯನ್ ಸಾಲಿನ ಅಡಾಕ್ ದ್ವೀಪದಂಥ ಕೆಲವು ಕಡೆ ಹೊಂದಿತು. 1990ರಲ್ಲಿ ಡಿಫಾಂಟ್ ಮತ್ತು ಡ್ರಮಂಡ್ ಅಂಥ ಕಲ್ಲಿಗೆ ಅಡಾಕೈಟ್ ಎಂದು ಹೆಸರಿಟ್ಟರು. ಹುಟ್ಟಿ 2.5 ಕೋಟಿ ವರ್ಷವೂ ಆಗದ, ಇನ್ನೂ ಬಿಸಿ ಆರದ ಎಳೆಯ ಫಲಕ ಮುಳುಗಿದಾಗ ಅದರ ಬಸಾಲ್ಟೇ ಕರಗಬಹುದು ಎನ್ನುವುದು ಅವರ ವಾದ.

ಗುರುತು ಹಿಡಿಯುವುದು ಹೇಗೆ? ಎರಡು ಧಾತು ನೋಡಿದರೆ ಸಾಕು, ಸ್ಟ್ರಾನ್ಷಿಯಂ ಮತ್ತು ಯಿಟ್ರಿಯಂ. ಕಡಿಮೆ ಆಳದಲ್ಲಿ ಬಸಾಲ್ಟ್ ಕರಗಿದರೆ ಕರಗದೆ ಉಳಿದ ಪ್ಲೇಜಿಯೊಕ್ಲೇಸ್ ಖನಿಜ ಸ್ಟ್ರಾನ್ಷಿಯಮನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆಳದಲ್ಲಿ ಪ್ಲೇಜಿಯೊಕ್ಲೇಸ್ ಇರುವುದಿಲ್ಲ, ಅದರ ಬದಲು ಗಾರ್ನೆಟ್ ಇರುತ್ತದೆ. ಗಾರ್ನೆಟಿಗೆ ಯಿಟ್ರಿಯಂ ಅಂದರೆ ಪ್ರೀತಿ, ಬಿಡುವುದಿಲ್ಲ. ಹಾಗಾಗಿ ಆಳದಲ್ಲಿ ಬಸಾಲ್ಟ್ ಕರಗಿ ಬಂದ ಮ್ಯಾಗ್ಮಾದಲ್ಲಿ ಸ್ಟ್ರಾನ್ಷಿಯಂ ಜಾಸ್ತಿ, ಯಿಟ್ರಿಯಂ ತೀರಾ ಕಡಿಮೆ.

ಈಗ ದಾವಣಗೆರೆಯ ಸುತ್ತ ಯಾವುದಾದರೂ ಕಲ್ಲು ಕ್ವಾರಿಗೆ ಹೋಗಿ ಹೊಸದಾಗಿ ಒಡೆದ ಮುಖ ನೋಡಿ. ಬೂದು ಬಣ್ಣದ ಕಲ್ಲು, ಅದರಲ್ಲಿ ಬಿಳಿ-ಕಪ್ಪು ಪಟ್ಟೆಗಳು ಅಲೆಅಲೆಯಾಗಿ ಓಡಿರುತ್ತವೆ. ಬಿಳಿಯಲ್ಲಿ ಫೆಲ್ಡ್‌ಸ್ಪಾರ್ ಮತ್ತು ಗಾಜಿನ ಹಾಗಿರುವ ಕ್ವಾರ್ಟ್ಜ್, ಕಪ್ಪಿನಲ್ಲಿ ಮಿರಮಿರ ಎನ್ನುವ ಬಯೊಟೈಟ್ ಅಭ್ರಕ. ಹೊಲದಲ್ಲಿ ಬೋರ್ ಕೊರೆಸುವಾಗ ನೀರು ಬರದೆ ಬರೀ ಬೂದು ಹಿಟ್ಟು ಹಾರುತ್ತದಲ್ಲ, ಬಹಳ ಕಡೆ ಅದು ಇದೇ ಕಲ್ಲಿನ ಪುಡಿ. ಇದಕ್ಕೆ ಪೆನಿನ್ಸುಲಾರ್ ನೈಸ್ ಅನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಕುಲದ್ದು. ಕರ್ನಾಟಕದ ಪಶ್ಚಿಮ ಭಾಗದಲ್ಲಿ ಇದರ ಬಹುಪಾಲು 300ರಿಂದ 340 ಕೋಟಿ ವರ್ಷ ಹಳೆಯದು.

ಇದರ ಮೂಲ ಕಲ್ಲು ಟೋನಲೈಟ್, ಟ್ರಾಂಡ್‌ಜಮೈಟ್, ಗ್ರಾನೊಡಯೊರೈಟ್ ಎನ್ನುವ ಮೂರು ಸೋದರರು. ಪ್ರಪಂಚದ ಹಳೆಯ ಭೂಖಂಡಗಳ ಬುನಾದಿಯೆಲ್ಲ ಇದೇ. ಇದರಲ್ಲೂ ಬಹಳ ಕಡೆ ಸ್ಟ್ರಾನ್ಷಿಯಂ ಜಾಸ್ತಿ, ಯಿಟ್ರಿಯಂ ಕಡಿಮೆ! ಅಂದರೆ ನೀರು ಕುಡಿದ ಬಸಾಲ್ಟ್, ಮರಡಿಹಳ್ಳಿಯಲ್ಲಿ ಕಾಣುವಂಥ ಹಸಿರು ಬಸಾಲ್ಟ್, ಗಾರ್ನೆಟ್ ಹುಟ್ಟುವಷ್ಟು ಆಳಕ್ಕೆ ಹೋಗಿ ತಾನೇ ಕರಗಿ ಆದ ಕಲ್ಲು ಇದು. ಮರಡಿಹಳ್ಳಿಯ ಲಾವಾ ಈ ನೈಸ್‌ಗಿಂತ ಚಿಕ್ಕ ವಯಸ್ಸಿನದು, ಅದೇ ಕರಗಿ ಇದಾಯಿತು ಅಂತ ಮಕ್ಕಳು ತಿಳಿಯದಿರಲಿ. ಅದೇ ಜಾತಿಯ, ಅದಕ್ಕೂ ಹಳೆಯ ಬಸಾಲ್ಟ್ ಕರಗಿದ್ದು. ಆಗ ಮ್ಯಾಂಟಲ್ ಇವತ್ತಿಗಿಂತ ಅಂದಾಜು 100ರಿಂದ 250 ಡಿಗ್ರಿ ಜಾಸ್ತಿ ಬಿಸಿ ಇತ್ತು. ಇವತ್ತು ನೀರನ್ನಷ್ಟೇ ಬಿಟ್ಟುಕೊಟ್ಟು ಮುಂದೆ ಹೋಗುವ ಬಸಾಲ್ಟ್ ಆಗ ತಾನೇ ಕರಗುತ್ತಿತ್ತು.

ಆ ಬಸಾಲ್ಟ್ ಆಳಕ್ಕೆ ಹೋದದ್ದು ಹೇಗೆ ಎನ್ನುವುದರಲ್ಲಿ ಮಾತ್ರ ಜಗಳ ಮುಗಿದಿಲ್ಲ. ಇವತ್ತಿನ ಹಾಗೆ ಫಲಕವೇ ಮುಳುಗಿತು ಅಂತ ಒಂದು ಗುಂಪು. ಲಾವಾ ಒಂದರ ಮೇಲೊಂದು ಹರಿದು ತೊಗಟೆ ವಿಪರೀತ ದಪ್ಪವಾಗಿ ಅದರ ಬುಡವೇ ಕರಗಿತು, ಮುಳುಗುವ ಫಲಕ ಬೇಕಾಗಿಯೇ ಇಲ್ಲ ಅಂತ ಇನ್ನೊಂದು. ಎರಡೂ ದಾರಿಯಲ್ಲಿ ಗಾರ್ನೆಟ್ ಗುರುತು ಬೀಳುತ್ತದೆ, ಅದೇ ತೊಂದರೆ. ನನ್ನ ಮಟ್ಟಿಗೆ, ಎಲ್ಲ ನೈಸ್‌ಗೂ ಒಂದೇ ಉತ್ತರ ಹುಡುಕುವುದು ಸರಿಯಲ್ಲ. ಹಳೆಯದಕ್ಕೆ ದಪ್ಪ ತೊಗಟೆಯ ವಿವರಣೆ ಹೊಂದಬಹುದು, 300 ಕೋಟಿ ವರ್ಷದಿಂದ ಈಚಿನದಕ್ಕೆ ಮುಳುಗುವ ಫಲಕದ್ದು.

ಕೊನೆಗೆ ಏಳು ಸುತ್ತಿನ ಕೋಟೆಯ ಬಂಡೆಗಳು. ಅವುಗಳನ್ನೂ ಇದೇ ಪಟ್ಟಿಗೆ ಸೇರಿಸಿಬಿಡಬೇಡಿ. ಚಿತ್ರದುರ್ಗದ ಗ್ರಾನೈಟ್ ಇನ್ನೂ ಈಚಿನದು, 260 ಕೋಟಿ ವರ್ಷದ ಆಸುಪಾಸು. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಬಸಾಲ್ಟ್ ನೇರವಾಗಿ ಕರಗಿದರೆ ಅಷ್ಟು ಪೊಟ್ಯಾಶಿಯಂ ಬರುವುದಿಲ್ಲ. ಆಗಲೇ ತಯಾರಾಗಿದ್ದ ನೈಸ್ ತೊಗಟೆ ಕೆಳಗಿನ ಬಿಸಿಗೆ ಮತ್ತೊಮ್ಮೆ ಕರಗಿದಾಗ ಇಂಥ ಗ್ರಾನೈಟ್ ಹುಟ್ಟುತ್ತದೆ. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೊದಲು ಮರಡಿಹಳ್ಳಿ, ಆಮೇಲೆ ಊರ ಹತ್ತಿರದ ಯಾವುದಾದರೂ ಕ್ವಾರಿ, ಕೋಟೆ ಕಡೆಗೆ ಇರಲಿ. ಕ್ವಾರಿಗೆ ಹೋಗುವ ಮುಂಚೆ ಮಾಲೀಕರಿಗೆ ಒಂದು ಮಾತು ಹೇಳಿ, ಸಿಡಿಮದ್ದು ಇಡುವ ಹೊತ್ತು ಬಿಟ್ಟು ಹೋಗಿ.